ಜೋಳದ ಹೊಲದ ಲೆಕ್ಕ

ತಾಂಜಾನಿಯಾದ ಇರಿಂಗಾ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ನಾನು ಗಣಿತದ ಮೇಷ್ಟ್ರಾಗಿ ಹೋದದ್ದು 1978ರಲ್ಲಿ, ಎರಡು ವರ್ಷದ ಕರಾರಿನ ಮೇಲೆ. ಅಲ್ಲಿ ಮೇಷ್ಟ್ರಿಗೆ ‘ಮ್ವಾಲಿಮು’ ಅನ್ನುತ್ತಾರೆ. ಅಧ್ಯಕ್ಷ ಜೂಲಿಯಸ್ ನೈರೆರೆಯವರನ್ನೂ ದೇಶವೆಲ್ಲ ಹಾಗೇ ಕರೆಯುತ್ತಿತ್ತು. ಅವರೂ ಮೊದಲು ಮೇಷ್ಟ್ರೇ ತಾನೇ.

ಅವರು 1967ರಲ್ಲಿ ತಂದ ‘ಸ್ವಾವಲಂಬನೆಗಾಗಿ ಶಿಕ್ಷಣ’ ನೀತಿಯ ಪ್ರಕಾರ ಶಾಲೆಗೊಂದು ಹೊಲ ಇರಬೇಕಿತ್ತು. ಏನು ಬೆಳೆಯಬೇಕು, ಬಂದದ್ದನ್ನು ಏನು ಮಾಡಬೇಕು ಅನ್ನುವುದರಲ್ಲಿ ಮಕ್ಕಳ ಮಾತೂ ನಡೆಯಬೇಕಿತ್ತು. ಕೈಕೆಲಸದ ಮೂಲಕ ಕಲಿಸುವ ಗಾಂಧೀಜಿಯ ಮೂಲಶಿಕ್ಷಣ ಕಂಡಿದ್ದ ನನಗೆ ಇದು ಹೊಸದೆನಿಸಲಿಲ್ಲ. ನಮ್ಮೂರ ಶಾಲೆಯ ನೂಲುವ ತಕಲಿಗಳು ಮೂಲೆ ಸೇರಿದ್ದನ್ನೂ ಕಂಡಿದ್ದೆ. ಇಲ್ಲಿನ ಹೊಲ ಮೂಲೆ ಸೇರಿರಲಿಲ್ಲ, ಶಿಕ್ಷೆಯಾಗಿತ್ತು. ಬೆಳಿಗ್ಗೆ ತಡವಾಗಿ ಬಂದವನ ಕೈಗೆ ಒಂದು ‘ಜೆಂಬೆ’, ಅಂದರೆ ಗುದ್ದಲಿ.

ನನ್ನ ತಲೆನೋವು ಬೇರೆ ಇತ್ತು. ಏಳನೇ ತರಗತಿವರೆಗೆ ಸ್ವಾಹಿಲಿಯಲ್ಲಿ ಓದಿದ ಹುಡುಗರಿಗೆ ಹೈಸ್ಕೂಲಿನಲ್ಲಿ ಒಮ್ಮೆಲೇ ಇಂಗ್ಲಿಷ್. ‘ಟ್ರಯಾಂಗಲ್’ ಅಂದರೆ ಪಿಳಿಪಿಳಿ ನೋಡುವರು. ಕನ್ನಡದಲ್ಲಿ ಓದಿ ಕಾಲೇಜು ಸೇರಿದ ಮೊದಲ ತಿಂಗಳು ನಾನೂ ಹಾಗೇ ಕೂತಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬರು ‘ಪೆಂಬೆತಾತು’ ಅನ್ನುವ ಮಾತು ಹೇಳಿಕೊಟ್ಟರು. ಪೆಂಬೆ ಅಂದರೆ ಕೊಂಬು, ಮೂಲೆ ಎರಡೂ. ತಾತು ಅಂದರೆ ಮೂರು. ನಮ್ಮ ತ್ರಿಕೋನವೇ! ಅಂದಿನಿಂದ ಬೋರ್ಡಿನ ಮೇಲೆ ಎರಡೂ ಭಾಷೆ ಬರೆಯತೊಡಗಿದೆ.

ಹೆಡ್‌ಮಾಸ್ಟರನ್ನು ಕಾಡಿಬೇಡಿ ಹೊಲದಲ್ಲಿ 18 ಮೀಟರ್ ಉದ್ದ, 9 ಮೀಟರ್ ಅಗಲದ ಒಂದು ತುಂಡನ್ನು ಮೆಕ್ಕೆಜೋಳಕ್ಕೆ ಬಿಡಿಸಿಕೊಂಡೆ. ಸಾಲಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30. ಎಷ್ಟು ಗಿಡ? ಹಗ್ಗಕ್ಕೆ ಗಂಟು ಹಾಕಿಕೊಂಡು ಹುಡುಗರೇ ಅಳೆದು 600 ಅಂದರು. ಮಳೆ ಹಿಡಿದು ಮೊಳಕೆ ಬಂದಾಗ ಎಣಿಸಿದರೆ 432. ಉಳಿದದ್ದೆಲ್ಲಿ? ಕೋತಿ, ಇಲಿ ಎಂದೆಲ್ಲ ಹೇಳಿದರು. ಆಮೇಲೆ ಒಬ್ಬ ಮೆಲ್ಲಗೆ ಬಾಯಿಬಿಟ್ಟ: ಬೀಜದಲ್ಲಿ ಒಂದಿಷ್ಟನ್ನು ಹಾಸ್ಟೆಲ್ ಹಿಂದೆ ಹುರಿದು ತಿಂದಿದ್ದರು. ಬೈಯಲು ಮನಸ್ಸಾಗಲಿಲ್ಲ. ರಾತ್ರಿಯ ಉಗಾಲಿ, ನಮ್ಮ ಮುದ್ದೆಯ ತಮ್ಮನಂಥದ್ದು, ಆ ವಯಸ್ಸಿನ ಹೊಟ್ಟೆಗೆ ಎಲ್ಲಿ ಸಾಲಬೇಕು? ಅದರಲ್ಲೇ ಶೇಕಡಾ ಪಾಠ ಮುಗಿಯಿತು: ಉಳಿದದ್ದು 72 ‘ಅಸಿಲಿಮಿಯಾ’. ಮಿಯಾ ಅಂದರೆ ನೂರು. ಪರೀಕ್ಷೆಯಲ್ಲಿ ಅದನ್ನು ಯಾರೂ ತಪ್ಪಲಿಲ್ಲ.

ಜೊತೆಗೊಂದು ಲೆಕ್ಕದ ಪುಸ್ತಕ ಇಡಿಸಿದೆ. ತಾರೀಖು, ಕೆಲಸ, ಎಷ್ಟು ಜನ, ಎಷ್ಟು ಗಂಟೆ. ಕಳೆ ಕಿತ್ತದ್ದು, ನೀರು ಹೊತ್ತದ್ದು, ಶಿಕ್ಷೆಗೆ ಅಗೆದದ್ದು ಎಲ್ಲವೂ ಅದರಲ್ಲಿ. 1979ರ ಕೊಯ್ಲಿನ ಹೊತ್ತಿಗೆ ಉಗಾಂಡಾ ಜೊತೆಗಿನ ಯುದ್ಧದಿಂದಾಗಿ ಸೋಪಿಗೂ ತತ್ವಾರ. ಅರ್ಧ ಜೋಳ ಅಡುಗೆಮನೆಗೆ, ಅರ್ಧ ಮಾರಿ ಸೋಪು ತರುವುದು ಎಂದು ಹುಡುಗರೇ ಕೈಯೆತ್ತಿ ತೀರ್ಮಾನ ಮಾಡಿದರು. ಹೆಡ್‌ಮಾಸ್ಟರ್ ಮುಖ ಗಂಟಿಕ್ಕಿದರೂ ಒಪ್ಪಿದರು.

ಲೆಕ್ಕ ಓದುವ ದಿನ ಪುಸ್ತಕ ಹಿಡಿದಿದ್ದ ಹುಡುಗ ಕೊನೆಯ ಪುಟದಲ್ಲಿ ನಿಂತುಬಿಟ್ಟ.

“ಮ್ವಾಲಿಮು, ನಿಮ್ಮ ಮನೆ ಹಿತ್ತಲಲ್ಲಿ ನಾವು ಕಳೆ ಕಿತ್ತ 14 ಗಂಟೆ ಇದೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?”

ಮೇಷ್ಟ್ರುಗಳ ಮನೆಗೆ ಹುಡುಗರನ್ನು ಕಳಿಸುವುದು ಆಗ ಅಲ್ಲಿನ ರೂಢಿ, ನಾನೂ ಬೇಡ ಅಂದಿರಲಿಲ್ಲ. ಸಾಲ ಅಂತ ಬರಿ ಅಂದೆ. ಅವನು ಬರೆದುಕೊಂಡ. ಆ ಶನಿವಾರದಿಂದ ಅವರ ಜೊತೆ ಹೊಲದಲ್ಲಿ ಗುದ್ದಲಿ ಹಿಡಿದೆ, ವಾರಕ್ಕೆ ಎರಡು ಗಂಟೆಯಂತೆ. ಪ್ರತಿ ಸಲವೂ ಗಡಿಯಾರ ನೋಡಿ ಕಳೆಯುತ್ತಿದ್ದವನು ಅವನೇ.