ತಪ್ಪು ಉತ್ತರಗಳಿಂದಲೇ ಪ್ರಶ್ನೆ ಕಟ್ಟಿದ್ದು: ಎಸ್ಸೆಸ್ಸೆಲ್ಸಿ ಗಣಿತ, ವಿಜ್ಞಾನದಲ್ಲಿ ನನ್ನ ಅನುಭವ

ಹತ್ತನೇ ತರಗತಿಗೆ ಅಭ್ಯಾಸ ಪ್ರಶ್ನೆ ಕೊಡೋದಕ್ಕೆ ನಮ್ಮಲ್ಲಿ ರೂಢಿಯಾಗಿರೋದು ಎರಡೇ ದಾರಿ. ಹಳೇ ಪ್ರಶ್ನೆಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿ ದಪ್ಪ ಪ್ರಶ್ನೆಕೋಶ ಹಂಚೋದು ಒಂದು. ಪಾಸಾಗೋಕೆ ಸಾಕಾಗುವಷ್ಟು ಆಯ್ದ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಇನ್ನೊಂದು. ಎರಡನ್ನೂ ನಾನು ವರ್ಷಗಟ್ಟಲೆ ಮಾಡಿದ್ದೇನೆ. ಈಗ ಅವೆರಡನ್ನೂ ಪಕ್ಕಕ್ಕಿಟ್ಟು, ಮಕ್ಕಳೇ ಬರೆದ ತಪ್ಪು ಉತ್ತರಗಳನ್ನು ಆಯ್ಕೆಗಳಾಗಿಟ್ಟು ಪುಟ್ಟ ಅಭ್ಯಾಸ ಹಾಳೆ ಕಟ್ಟುತ್ತಿದ್ದೇನೆ, ಅದು ಕೈ ಹಿಡಿದಿದೆ. ತಾಲ್ಲೂಕಿನ ಗಣಿತ ಶಿಕ್ಷಕರ ಸಭೆಯಲ್ಲಿ "ಇದೆಲ್ಲ ಆಗೋ ಮಾತಲ್ಲ ಬಿಡಿ ಸಾರ್" ಅಂದವರೇ ಈಗ ಫೋನ್ ಮಾಡಿ ಹಾಳೆ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮದು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹತ್ತನೇ ತರಗತಿಯಲ್ಲಿ ವರ್ಷಕ್ಕೆ 40-45 ಮಕ್ಕಳು. ನಾನು ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕ, ಪಾಠ ಮಾಡೋದು ಗಣಿತ, ಭೌತ. ರಸಾಯನ, ಜೀವಶಾಸ್ತ್ರ ಎರಡೂ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮೇಡಂ ಕೈಲಿ. ಪ್ರಶ್ನೆಪತ್ರಿಕೆಯ ನೀಲನಕ್ಷೆ, 38 ಪ್ರಶ್ನೆ, 80 ಅಂಕ, ಮೂರೂಕಾಲು ಗಂಟೆ, ಇವೆಲ್ಲ ನಿಮಗೆ ಗೊತ್ತಿರೋದೇ. ಅದನ್ನು ಮತ್ತೆ ಬಿಡಿಸಿ ಹೇಳಲ್ಲ.

ಮೊದಲು ಕೈಕೊಟ್ಟ ಕೆಲಸಗಳ ಲೆಕ್ಕ. ಪ್ರಶ್ನೆಕೋಶಕ್ಕೆ ನಾನು ಸುರಿದ ಹಣ ಇವತ್ತಿಗೂ ಹೊಟ್ಟೆ ಉರಿಸುತ್ತೆ. ಸುಮಾರು 180 ಪುಟ, ಮಗುವಿಗೊಂದು ಪ್ರತಿ, ಸ್ಪೈರಲ್ ಬೈಂಡಿಂಗ್ ಬೇರೆ. ಜೆರಾಕ್ಸ್ ಅಂಗಡಿಯವರು ಪುಟಕ್ಕೆ 75 ಪೈಸೆಗೆ ಇಳಿಸಿಕೊಟ್ಟರೂ ಎಂಟು ಸಾವಿರದ ಹತ್ತಿರ ಆಯಿತು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಸ್ವಲ್ಪ ಕೊಟ್ಟರು, ಮಿಕ್ಕಿದ್ದು ನನ್ನ ಜೇಬಿಂದ. ಜನವರಿಯಲ್ಲಿ ತೆಗೆಸಿ ನೋಡಿದರೆ ಮುಕ್ಕಾಲು ಮಕ್ಕಳದು ಮೊದಲ 20 ಪುಟ ಮಾತ್ರ ಮಾಸಿತ್ತು. ವಾಸ್ತವ ಸಂಖ್ಯೆಗಳು, ಆಮೇಲೆ ಬಹುಪದೋಕ್ತಿ, ಅಲ್ಲಿಗೆ ನಿಂತಿತ್ತು. ಚೆನ್ನಾಗಿ ಓದೋ ಐದಾರು ಮಕ್ಕಳು ಪೂರ್ತಿ ಮಾಡಿದ್ದರು. ಪ್ರಶ್ನೆಕೋಶ ಇಲ್ಲದಿದ್ದರೂ ಅವರು ಪಾಸಾಗುತ್ತಿದ್ದರು.

ಆಮೇಲೆ ಲ್ಯಾಮಿನೇಷನ್ ಕಾರ್ಡ್ ಮಾಡಿಸಿದೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಮಕ್ಕಳು ಹಿಂಭಾಗ ನೋಡಿಯೇ ಮುಂಭಾಗ ಓದುತ್ತಿದ್ದರು. ಎರಡು ಸಾವಿರಕ್ಕೂ ಜಾಸ್ತಿ ಹೋಯಿತು. ಕಾರ್ಡ್‌ಗಳು ಈಗಲೂ ಬೀರುವಿನಲ್ಲಿವೆ. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದೂ ಆಯಿತು. ಮನೇಲಿ ಇರೋದು ಒಂದೇ ಫೋನ್, ಅದು ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತೆ. ರಾತ್ರಿ ಒಂಬತ್ತಕ್ಕೆ ಒಬ್ಬಳು ಉತ್ತರ ಹಾಕಿದರೆ ಒಂಬತ್ತೂಕಾಲಿಗೆ ಹತ್ತು ಜನರದ್ದು ಅಕ್ಷರಶಃ ಅದೇ ಉತ್ತರ.

ದಾರಿ ತೋರಿಸಿದ್ದು 2021ರ ಪರೀಕ್ಷೆ. ಕೊರೊನಾ ವರ್ಷ, ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ, ವಿಷಯಕ್ಕೆ 40 ಬಹುಆಯ್ಕೆ ಪ್ರಶ್ನೆ, ಉತ್ತರದ ವೃತ್ತ ಕಪ್ಪು ಮಾಡೋ ಓಎಂಆರ್ ಹಾಳೆ. ಆ ಸಲ ಅಭ್ಯಾಸಕ್ಕೆ ಅಂತ ರಾಶಿ ರಾಶಿ ಬಹುಆಯ್ಕೆ ಪ್ರಶ್ನೆ ಕಟ್ಟಬೇಕಾಯಿತು. ಸರಿ ಉತ್ತರ ಬರೆಯೋದು ಸುಲಭ. ಉಳಿದ ಮೂರು ಆಯ್ಕೆಗೆ ಏನು ಬರೆಯೋದು? ಎಲ್ಲರೂ ಮಾಡೋ ಹಾಗೆ ಬಾಯಿಗೆ ಬಂದ ಸಂಖ್ಯೆ ಹಾಕುತ್ತಾ ಹೋದರೆ ಮಕ್ಕಳು ಲೆಕ್ಕ ಮಾಡದೇ ಊಹೆಯಲ್ಲೇ ಸರಿ ಉತ್ತರ ಹಿಡಿಯುತ್ತಿದ್ದರು. ಆಗ ಹಳೇ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಮಕ್ಕಳೇ ಬರೆದಿದ್ದ ತಪ್ಪು ಉತ್ತರಗಳನ್ನು ಎತ್ತಿ ಆಯ್ಕೆಗಳಾಗಿ ಇಟ್ಟೆ. ಊಹೆ ಅಲ್ಲಿಗೆ ನಿಂತಿತು.

ಒಂದು ಪ್ರಶ್ನೆ ತೋರಿಸಿದರೆ ಅರ್ಥವಾಗುತ್ತೆ. 6 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದೆ, ಸಮಾನ ರೋಧ ಎಷ್ಟು? ನಾನು ಕೊಡೋ ಆಯ್ಕೆಗಳು 2, 9, 1/2, 4.5. ಸರಿ ಉತ್ತರ 2. 9 ಅಂದವನು ಸರಣಿ ಜೋಡಣೆ ಮಾಡಿದ್ದಾನೆ. 1/2 ಅಂದವಳು ಲೆಕ್ಕ ಪೂರ್ತಿ ಸರಿ ಮಾಡಿ ಕೊನೇಲಿ ತಲೆಕೆಳಗು ಮಾಡೋದು ಮರೆತಿದ್ದಾಳೆ. 4.5 ಬರೆದವನ ಕಥೆಯೇ ಬೇರೆ. ಅವನು 1/6ಕ್ಕೆ 1/3 ಕೂಡಿಸುವಾಗ ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿಸಿ 2/9 ಮಾಡಿಕೊಂಡು, ಅದನ್ನು ತಿರುಗಿಸಿದ್ದಾನೆ. ಅವನಿಗೆ ವಿದ್ಯುಚ್ಛಕ್ತಿ ಪಾಠ ಇನ್ನೂ ನಾಲ್ಕು ಸಲ ಮಾಡಿದರೂ ಪ್ರಯೋಜನ ಇಲ್ಲ. ಅವನಿಗೆ ಬೇಕಿರೋದು ಭಿನ್ನರಾಶಿ. ಮೂರು ಮಕ್ಕಳಿಗೂ ಸಿಕ್ಕಿದ್ದು ಸೊನ್ನೆ ಅಂಕವೇ, ಆದರೆ ಕೊಡಬೇಕಾದ ಔಷಧ ಒಂದೇ ಅಲ್ಲ.

ಬೆಳಕು ಪಾಠದಲ್ಲೂ ಹೀಗೇ. ನಿಮ್ನ ದರ್ಪಣ, ಸಂಗಮದೂರ 15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬದ ದೂರ? ಸರಿ ಉತ್ತರ +30. ಚಿಹ್ನೆ ಹಾಕದವರಿಗೆ -30 ಬರುತ್ತೆ. ಚಿಹ್ನೆ ಸರಿಯಾಗಿ ಹಾಕಿ ಮಸೂರದ ಸೂತ್ರ ಬಳಸಿದವರಿಗೆ -6 ಬರುತ್ತೆ. ಚಿಹ್ನೆಯೂ ಇಲ್ಲ, ಸೂತ್ರವೂ ಇಲ್ಲ, 1/15ಕ್ಕೆ 1/10 ಸುಮ್ನೆ ಕೂಡಿಸಿ ತಿರುಗಿಸಿದವರಿಗೆ 6. ಸಮಾಂತರ ಶ್ರೇಢಿಯಲ್ಲಿ 2, 7, 12 ಕೊಟ್ಟು 10ನೇ ಪದ ಕೇಳಿದರೆ 47ರ ಜೊತೆ 52, 63, 245 ಇಡುತ್ತೇನೆ. 52 ಅಂದವರು 5ನ್ನು ಒಂಬತ್ತು ಸಲದ ಬದಲು ಹತ್ತು ಸಲ ಕೂಡಿಸಿದ್ದಾರೆ, 63 ಅಂದವರು 2ಕ್ಕೆ 5 ಮೊದಲೇ ಕೂಡಿಸಿ 9ರಿಂದ ಗುಣಿಸಿದ್ದಾರೆ, 245 ಅಂದವರು ಹತ್ತೂ ಪದಗಳ ಮೊತ್ತ ಹಾಕಿದ್ದಾರೆ.

ಇದಕ್ಕೆ ಬಂಡವಾಳ ಅಂದರೆ ಒಂದು ಲಾಂಗ್ ಬುಕ್. ಎಡಗಡೆ ಪುಟದಲ್ಲಿ ಪ್ರಶ್ನೆ, ಬಲಗಡೆ ಬಂದ ತಪ್ಪು ಉತ್ತರ, ಅದು ಹೇಗೆ ಬಂತು ಅನ್ನೋದು. ಎಲ್ಲವೂ ಉತ್ತರಪತ್ರಿಕೆ ನೋಡಿದರೆ ಗೊತ್ತಾಗಲ್ಲ. ಮಗುವನ್ನು ಪಕ್ಕಕ್ಕೆ ಕರೆದು "ಇದು ಹೆಂಗೆ ಬಂತು ಹೇಳು ಮರಿ" ಅಂತ ಕೇಳಬೇಕು. ಬೈಯೋ ದನಿಯಲ್ಲಿ ಕೇಳಿದರೆ ಬಾಯಿ ಬಿಡಲ್ಲ. 2022-23ರಲ್ಲಿ ಶುರುವಾದ ಪುಸ್ತಕ ಈಗ ಮೂರನೇದು ನಡೀತಿದೆ. ಗಣಿತ, ಭೌತ ಸೇರಿ ಬೇರೆ ಬೇರೆ ಥರದ ತಪ್ಪು 150ರ ಆಸುಪಾಸಿನಲ್ಲಿವೆ. ಹೊಸ ಮಕ್ಕಳು ಬಂದರೂ ತಪ್ಪುಗಳು ಹೆಚ್ಚೂಕಮ್ಮಿ ಅವೇ ಇರುತ್ತವೆ, ಅದೇ ನನಗೆ ಲಾಭ.

ಹಾಳೆ ಅಂದರೆ ಎ4ನಲ್ಲಿ ಅರ್ಧ. 8 ಪ್ರಶ್ನೆ. ಐದು ಹಳೇ ಅಧ್ಯಾಯಗಳದ್ದು, ಎರಡು ಈ ವಾರದ್ದು, ಒಂದು ಬೇರೆ ಥರದ್ದು. ಬೆಳಗಿನ ವಿಶೇಷ ತರಗತಿಯಲ್ಲಿ, ವಾರಕ್ಕೆ ಮೂರು ದಿನ, ಹತ್ತು ಹನ್ನೆರಡು ನಿಮಿಷ. ಅರ್ಧ ಹಾಳೆ ಯಾಕೆ ಅಂದರೆ ಮಗು ಅದನ್ನು ಮುಗಿಸುತ್ತೆ. ಮುಗಿಸಿದ್ದರ ಖುಷಿಗೆ ನಾಳೆ ಇನ್ನೊಂದು ಕೇಳುತ್ತೆ. ಬಹುಆಯ್ಕೆ ಅಂದರೂ ಹಿಂಭಾಗದಲ್ಲಿ ಲೆಕ್ಕ ಮಾಡಿ ತೋರಿಸಲೇಬೇಕು. ಪರೀಕ್ಷೆಯಲ್ಲಿ ಎರಡು, ಮೂರು ಅಂಕದ ಪ್ರಶ್ನೆಗಳಿಗೆ ಹಂತ ಬರೆಯೋ ಅಭ್ಯಾಸ ಅಲ್ಲೇ ಆಗುತ್ತೆ.

ಮೊದಲ ವರ್ಷ ಎಲ್ಲರಿಗೂ ಒಂದೇ ಹಾಳೆ ಕೊಟ್ಟಾಗ ದೊಡ್ಡ ಪ್ರಯೋಜನ ಕಾಣಲಿಲ್ಲ. 2023-24ರಿಂದ ಬದಲಾಯಿಸಿದೆ. 4.5 ಬರೆದವನಿಗೆ ಮುಂದಿನ ವಾರದ ಹಾಳೆಯಲ್ಲಿ ಮತ್ತೆ ಭಿನ್ನರಾಶಿ ಬರುತ್ತೆ, ಬೇರೆ ಸಂಖ್ಯೆ, ಬೇರೆ ಪಾಠದ ವೇಷದಲ್ಲಿ. 9 ಬರೆದವನಿಗೆ ಅದು ಬರಲ್ಲ. ಹೀಗೆ ಒಂದೇ ದಿನ ನಾಲ್ಕೈದು ಬಗೆಯ ಹಾಳೆ ಹೋಗುತ್ತೆ. ಒಂದೇ ತಪ್ಪು ಮೂರು ವಾರ ಬರದಿದ್ದರೆ ಆ ಮಗುವಿನ ಹೆಸರಿನ ಮುಂದೆ ಅದನ್ನು ಹೊಡೆದು ಹಾಕುತ್ತೇನೆ. ಇಷ್ಟು ವಿಂಗಡಣೆಗೆ ರಾತ್ರಿಯೆಲ್ಲ ಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಮುಕ್ಕಾಲು ಗಂಟೆ ಸಾಕು. ಅದಕ್ಕೊಂದು ಉಪಾಯ ಇದೆ, ಇಲ್ಲಿ ಬರೆಯಲ್ಲ. ಎಂಟನೇ ಪ್ರಶ್ನೆ ಹೇಗೆ ಆರಿಸುತ್ತೇನೆ ಅನ್ನೋದನ್ನೂ ಬರೆಯಲ್ಲ. ಶಾಲೆಗೆ ಬಂದವರಿಗೆ ತೋರಿಸುತ್ತೇನೆ, ಬರಿಗೈಲಿ ಬರಬೇಡಿ, ನಿಮ್ಮ ಮಕ್ಕಳ ತಪ್ಪುಗಳ ಪಟ್ಟಿ ತನ್ನಿ.

ಖರ್ಚಿನ ಮಾತಿಗೆ ಬಂದರೆ, ಸೆಕೆಂಡ್ ಹ್ಯಾಂಡ್ ಇಂಕ್ ಟ್ಯಾಂಕ್ ಪ್ರಿಂಟರ್ ಆರೇಳು ಸಾವಿರಕ್ಕೆ ಸಿಕ್ಕಿತು. ವರ್ಷಕ್ಕೆ ಐದು ರೀಮ್ ಹಾಳೆ, ಅದಕ್ಕೆ ಸಾವಿರದ ಮುನ್ನೂರು, ನಾನೂರು. ಇಂಕ್ ಸೇರಿ ಎರಡು ಸಾವಿರದ ಒಳಗೆ. ಪ್ರಶ್ನೆಕೋಶದ ಎಂಟು ಸಾವಿರದ ಮುಂದೆ ಇದು ಏನೂ ಅಲ್ಲ. ಟೈಪಿಂಗ್‌ನಲ್ಲಿ ಬಹಳ ಕಾಲ ಹೋಯಿತು. ಮನೇಲಿ ನುಡಿ ತಂತ್ರಾಂಶದಲ್ಲಿ ಹೊಡೆದಿದ್ದು ಅಂಗಡಿ ಸಿಸ್ಟಂನಲ್ಲಿ ತೆಗೆದರೆ ಓದಕ್ಕೇ ಬರುತ್ತಿರಲಿಲ್ಲ. ಪಿಡಿಎಫ್ ಮಾಡಿದ ಮೇಲೆ ಅಕ್ಷರ ಸರಿಯಾಯಿತು, ಭಿನ್ನರಾಶಿ, ವರ್ಗಮೂಲ ಸರಿಯಾಗಲಿಲ್ಲ. ಈಗ ಗಣಿತದ ಹಾಳೆಯನ್ನು ಕಪ್ಪು ಜೆಲ್ ಪೆನ್ನಲ್ಲಿ ಕೈಯಲ್ಲೇ ಬರೆಯುತ್ತೇನೆ, ಚಿತ್ರಕ್ಕೆ ಕೈವಾರ. ಸ್ಕ್ಯಾನ್ ಮಾಡಿದರೆ ಟೈಪ್ ಮಾಡಿದ್ದಕ್ಕಿಂತ ಚೆನ್ನಾಗಿ ಬರುತ್ತೆ, ಅರ್ಧ ಸಮಯವೂ ಹಿಡಿಯಲ್ಲ.

ಸಭೆಯಲ್ಲಿ ಎದ್ದ ಆಕ್ಷೇಪ ಒಂದೇ. "ತಪ್ಪು ಉತ್ತರ ಪದೇ ಪದೇ ತೋರಿಸಿದ್ರೆ ಮಕ್ಕಳ ತಲೇಲಿ ತಪ್ಪೇ ಕೂತ್ಕೊಳ್ಳುತ್ತೆ ಸಾರ್." ಹಾಳೆ ಕಟ್ಟಿಟ್ಟು ವಾರ ಬಿಟ್ಟು ಕೊಟ್ಟರೆ ಖಂಡಿತ ಹಾಗೇ ಆಗುತ್ತೆ. ಅದಕ್ಕೇ ನಾನು ಅದೇ ದಿನ, ಮಧ್ಯಾಹ್ನದ ಊಟದೊಳಗೆ ಸರಿ ಉತ್ತರ ಹೇಳಿಬಿಡುತ್ತೇನೆ. ಹೇಳುವಾಗಲೂ "ಸರಿ ಇದು" ಅಂತಷ್ಟೇ ಹೇಳಲ್ಲ, "9 ಬಂದೋರು ಏನು ಮಾಡಿರ್ತಾರೆ ಹೇಳಿ" ಅಂತ ತರಗತಿಗೇ ಕೇಳುತ್ತೇನೆ. ಈ ನಿಯಮ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ ಪಕ್ಕದ ಊರಿನ ಗೆಳೆಯರೊಬ್ಬರಿಗೆ ಫಲ ಸಿಗಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನಮ್ಮ ಕಡೆ ಬೋರ್‌ವೆಲ್ ಕೊರೆಯೋರು ಆಳ ಹೋದಷ್ಟೂ ಅಡಿಯ ದರ ಏರಿಸುತ್ತಾರೆ. ಅದನ್ನೇ ಲೆಕ್ಕ ಮಾಡಿದೆ. ಮೊದಲ 100 ಅಡಿಗೆ ಅಡಿಗೆ 80 ರೂಪಾಯಿ, ಆಮೇಲೆ ಪ್ರತಿ 100 ಅಡಿಗೆ 10 ರೂಪಾಯಿ ಜಾಸ್ತಿ, 800 ಅಡಿಗೆ ಎಷ್ಟು? ಹಿಂದಿನ ಬೆಂಚಿನ ಹುಡುಗರೇ ಮೊದಲು 92,000 ಅಂದರು. ಅವರ ಮನೆಯಲ್ಲಿ ಆ ಲೆಕ್ಕ ನಡೆದಿರುತ್ತೆ. ಆದರೆ ಮಾರನೇ ದಿನ ಅದೇ ಹುಡುಗರಿಗೆ "ಸಮಾಂತರ ಶ್ರೇಢಿಯ ಮೊದಲ 8 ಪದಗಳ ಮೊತ್ತ ಕಂಡುಹಿಡಿಯಿರಿ" ಅಂದರೆ ಪೆನ್ನು ಕೆಳಗಿಟ್ಟರು. ಪರೀಕ್ಷೆಗೆ ಬರೋದು ಪುಸ್ತಕದ ಭಾಷೆಯಲ್ಲಿ. ಈಗ ಇಂಥ ಪ್ರಶ್ನೆ ಕೊಟ್ಟರೆ ಅದರ ಕೆಳಗೇ ಅದೇ ಸಂಖ್ಯೆಗಳನ್ನಿಟ್ಟು ಪುಸ್ತಕದ ಭಾಷೆಯ ಜೋಡಿ ಪ್ರಶ್ನೆ ಕೊಡುತ್ತೇನೆ. ಆ ಜೋಡಿ ಬಹಳ ಕೆಲಸ ಮಾಡಿತು.

ಇನ್ನೊಂದು, ಪ್ರಶ್ನೆಯನ್ನು ಒಂದು ಸಲ ಗಟ್ಟಿಯಾಗಿ ಓದಿ ಹೇಳೋದು. ತ್ರಿಕೋನಮಿತಿಯ ಅನ್ವಯಗಳಲ್ಲಿ ಗೋಪುರ, ಉನ್ನತ ಕೋನ, ಅವನತ ಕೋನ ಅಂತ ನಾಲ್ಕು ಸಾಲಿನ ಪ್ರಶ್ನೆ ಬರುತ್ತಲ್ಲ, ಅದನ್ನು ಬಿಡುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಜನ ನಾನು ಓದಿ ಹೇಳಿದ ಕೂಡಲೇ ಚಿತ್ರ ಬರೆದರು. ಅವರಿಗೆ ತೊಡಕಾಗಿದ್ದು ಓದು. ಹೀಗಾಗಿ ಸೆಪ್ಟೆಂಬರ್‌ವರೆಗೆ ನಾನು ಓದುತ್ತೇನೆ, ಆಮೇಲೆ ಮಕ್ಕಳಲ್ಲೇ ಒಬ್ಬರು ಓದುತ್ತಾರೆ, ಡಿಸೆಂಬರ್ ಮೇಲೆ ಯಾರೂ ಓದಲ್ಲ. ಮಕ್ಕಳಿಂದಲೇ ತಪ್ಪು ಆಯ್ಕೆ ಕಟ್ಟಿಸಿದ್ದೂ ಉಂಟು. ಜಾಣರು ಅದ್ಭುತವಾಗಿ ಕಟ್ಟುತ್ತಾರೆ, ಮಿಕ್ಕವರಿಗೆ ಅದರಿಂದ ಏನೂ ಸಿಗಲಿಲ್ಲ. ಬಿಟ್ಟೆ.

ಫಲಿತಾಂಶ ಹೇಳಲೇಬೇಕು. ಮೊದಲೆಲ್ಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಪಾಸಾಗೋಕೆ ಬೇಕಿದ್ದ 28 ಅಂಕ ದಾಟದವರು ಅರ್ಧ ತರಗತಿ ಇರುತ್ತಿದ್ದರು. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ನಿಗಾ. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. 2025ರ ಪರೀಕ್ಷೆ-1ರಲ್ಲಿ (ವರ್ಷದ ಮೊದಲ ಸುತ್ತು) ಆ ಕೃಪಾಂಕವೂ ಇಲ್ಲ, ರಾಜ್ಯ ಶೇ. 62.34ಕ್ಕೆ ನಿಂತಿತು. ಆ ವರ್ಷ ನಮ್ಮಲ್ಲಿ ಗಣಿತದಲ್ಲಿ ಫೇಲಾಗಿ ಉಳಿದವರು ಮೂರೋ ನಾಲ್ಕೋ ಮಕ್ಕಳು. 60 ದಾಟಿದವರು ಹತ್ತಕ್ಕೂ ಜಾಸ್ತಿ. ಕ್ಯಾಮೆರಾ ಎದುರು ಕೂತು ನಮ್ಮ ಹಳ್ಳಿ ಮಕ್ಕಳು ತಮ್ಮ ಕೈಯಾರೆ ಬರೆದು ತಂದ ಅಂಕ ಅದು. ಈ ಮಾತು ಹೇಳೋಕೆ ನನಗೆ ಯಾವ ಸಂಕೋಚವೂ ಇಲ್ಲ.

ಕಳೆಯೋದು, ಭಾಗಿಸೋದು ಬಾರದ ಮಕ್ಕಳಿಗೆ ಈ ಹಾಳೆ ಕೊಡಬೇಡಿ. ತರಗತಿಗೆ ಐದಾರು ಜನ ಇದ್ದೇ ಇರುತ್ತಾರೆ. ಅವರಿಗೆ ಜೂನ್, ಜುಲೈ ಪೂರ್ತಿ ಬರೀ ಮೂಲಕ್ರಿಯೆ, ಋಣ ಸಂಖ್ಯೆ, ಭಿನ್ನರಾಶಿ. ಆಗಸ್ಟ್‌ನಿಂದ ಹಾಳೆ ಶುರು. ಅವರಿಗೆ ಮೊದಲು ಸಂಖ್ಯಾಶಾಸ್ತ್ರ, ಸಂಭವನೀಯತೆ ಹಿಡಿಸಿ, ಆಮೇಲೆ ಎರಡು ಚರಾಕ್ಷರಗಳ ಸಮೀಕರಣಕ್ಕೆ ಬನ್ನಿ.

ಜೀವಶಾಸ್ತ್ರಕ್ಕೆ ಇದೇ ವಿಧಾನ ನೇರವಾಗಿ ಹೊಂದಲಿಲ್ಲ. ಅಲ್ಲಿ ಮಕ್ಕಳು ತಪ್ಪು ಬರೆಯೋದಕ್ಕಿಂತ ಖಾಲಿ ಬಿಡೋದೇ ಜಾಸ್ತಿ. ತಪ್ಪೇ ಇಲ್ಲದಿದ್ದರೆ ನನ್ನ ಲಾಂಗ್ ಬುಕ್‌ನಲ್ಲಿ ಬರೆಯೋದು ಏನನ್ನ? ಮೇಡಂ ಬೇರೆ ದಾರಿ ಹಿಡಿದರು. ಹೃದಯದ ಚಿತ್ರ ಬರೆದು, ಪುಪ್ಪುಸಕ ಅಪಧಮನಿ, ಪುಪ್ಪುಸಕ ಅಭಿಧಮನಿ ಎರಡರ ಹೆಸರನ್ನೂ ಅದಲು ಬದಲು ಮಾಡಿ, ಎಲ್ಲಿ ತಪ್ಪಿದೆ ಹುಡುಕಿ ಅನ್ನುತ್ತಾರೆ. ಖಾಲಿ ಬಿಡುತ್ತಿದ್ದ ಮಕ್ಕಳೂ ಪೆನ್ಸಿಲ್ ಎತ್ತಿಕೊಂಡರು. ಹೃದಯ, ಮೆದುಳು, ಹೂವಿನ ನೀಳಛೇದಕ್ಕೆ ಚೆನ್ನಾಗಿ ನಡೆದಿದೆ. ವಿವರಣೆ ಬರೆಯೋ ಪ್ರಶ್ನೆಗಳಿಗೆ ಇನ್ನೂ ದಾರಿ ಸಿಕ್ಕಿಲ್ಲ. ಈ ವರ್ಷ ಮೆಂಡೆಲ್‌ನ ದ್ವಿತಳೀಕರಣದ (ಎರಡು ಗುಣಗಳನ್ನು ಒಟ್ಟಿಗೆ ನೋಡೋ ತಳಿ ಪ್ರಯೋಗ) ಚೆಕ್ಕರ್ ಬೋರ್ಡ್‌ನಲ್ಲಿ ಎರಡು ಚೌಕ ತಪ್ಪಾಗಿ ತುಂಬಿಸಿ ಕೊಡೋಣ ಅಂತ ಮೇಡಂ ಈಗಾಗಲೇ ಹಾಳೆ ಬರೆದಿಟ್ಟಿದ್ದಾರೆ.