ಹಳೆಯ ನೋಟಿನ ಬೆಲೆ ತಿಳಿಯುವುದು ಹೇಗೆ?

ಅಜ್ಜನ ಟ್ರಂಕಿನಲ್ಲೋ ಹಳೆಯ ಪಂಚಾಂಗದ ಹಾಳೆಗಳ ನಡುವೆಯೋ ನೋಟೊಂದು ಸಿಕ್ಕರೆ, ಮೊದಲು ಅದನ್ನು ಸಿಕ್ಕ ಸ್ಥಿತಿಯಲ್ಲೇ ಬಿಡಬೇಕು. ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪು ಅಂಟಿಸುವುದು ಯಾವುದೂ ಸಲ್ಲದು. ನಮ್ಮ ಮನೆಯಲ್ಲಿ 1969ರ ಗಾಂಧಿ ಜನ್ಮಶತಾಬ್ದಿಯ ಹತ್ತು ರೂಪಾಯಿ ನೋಟನ್ನು ಹಿರಿಯರು ಅಕ್ಕರೆಯಿಂದ ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು. ಅಂಟು ಕಾಗದದೊಳಕ್ಕೆ ಇಳಿದು ಅಂಚೆಲ್ಲ ಹಳದಿಗಟ್ಟಿದೆ, ಈಗ ಬಿಡಿಸಹೋದರೆ ನೋಟೇ ಹರಿಯುತ್ತದೆ.

ನಂತರ ಕಾಲವನ್ನು ಗುರುತಿಸಬೇಕು. ರಿಸರ್ವ್ ಬ್ಯಾಂಕಿನ ನೋಟುಗಳ ಹಿಂಬದಿಯಲ್ಲಿ ವರ್ಷ ಮುದ್ರಿಸುವ ಕ್ರಮ ಬಂದದ್ದು 2005ರಿಂದೀಚೆಗೆ. ಅದಕ್ಕೂ ಹಿಂದಿನವುಗಳ ಕಾಲವನ್ನು ತಿಳಿಸುವುದು ಗವರ್ನರರ ಸಹಿ. 1938ರ ಜನವರಿಯಲ್ಲಿ ಹೊರಬಂದ, ಆರನೇ ಜಾರ್ಜ್ ಚಿತ್ರವಿರುವ ಐದು ರೂಪಾಯಿಯ ಮೊದಲ ನೋಟಿನಲ್ಲಿ ಜೇಮ್ಸ್ ಟೇಲರ್ ಸಹಿಯಿದ್ದರೆ, ಮುಂದಿನವುಗಳಲ್ಲಿ ಸಿ.ಡಿ. ದೇಶಮುಖರದು ಕಾಣುತ್ತದೆ. 1970ರಲ್ಲಿ ಆರೇ ವಾರ ಗವರ್ನರ್ ಆಗಿದ್ದ ಬಿ.ಎನ್. ಅದರ್ಕರ್ ಅವರ ಸಹಿಯ ನೋಟುಗಳನ್ನು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಒಂದು ರೂಪಾಯಿ ನೋಟು ಮಾತ್ರ ಭಾರತ ಸರ್ಕಾರದ್ದು; ಅದರಲ್ಲಿರುವುದು ಹಣಕಾಸು ಕಾರ್ಯದರ್ಶಿಯ ಸಹಿ.

ಬೆಲೆ ನಿಜವಾಗಿ ನಿಲ್ಲುವುದು ಸ್ಥಿತಿಯ ಮೇಲೆ. ನೋಟನ್ನು ಕಿಟಕಿಯ ಬಳಿ ಓರೆ ಬೆಳಕಿಗೆ ಹಿಡಿದರೆ, ನೇರ ನೋಟಕ್ಕೆ ಕಾಣದ ನಡುಮಡಿಕೆಯ ಗೆರೆ ಎದ್ದು ತೋರುತ್ತದೆ. ಒಂದೂ ಮಡಿಕೆಯಿಲ್ಲದ ನೋಟಿಗೂ ಕೈಯಿಂದ ಕೈಗೆ ಓಡಾಡಿದ ಅದೇ ನೋಟಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುತ್ತದೆ. ಹಿಂದೆ ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದುದರಿಂದ (2001ರಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ನಿಲ್ಲಿಸಲು ಹೇಳಿತು) ಹಳೆಯ ನೋಟಿನ ಎಡಬದಿಯಲ್ಲಿ ಸಣ್ಣ ತೂತುಗಳಿರುವುದು ಸಹಜ, ಅದಕ್ಕಾಗಿ ನೋಟನ್ನು ಎಸೆಯಬೇಕಿಲ್ಲ.

ಮಾರುವವರು ಕೇಳುವ ಬೆಲೆಯನ್ನಲ್ಲ, ಹರಾಜಿನಲ್ಲಿ ಅದೇ ಸಹಿಯ, ಅದೇ ಸ್ಥಿತಿಯ ನೋಟು ಮಾರಾಟವಾದ ಬೆಲೆಯನ್ನು ಹೋಲಿಸಿ ನೋಡಿ. ಒಂದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊದಲೇ ಕಮಿಷನ್ ಕೇಳುವವರಿಗೆ ಬಿಡಿಗಾಸನ್ನೂ ಕಳಿಸಬೇಡಿ. ತನ್ನ ಹೆಸರಿನಲ್ಲಿ ನಡೆಯುವ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

2016ರಲ್ಲಿ ರದ್ದಾದ 500 ಮತ್ತು 1000ದ ನೋಟುಗಳನ್ನು ಸಾಮಾನ್ಯರು ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೂ ಸಂಗ್ರಹಕ್ಕೂ 2017ರ ಕಾಯ್ದೆ 25ರ ಮಿತಿ ಹಾಕಿದೆ.

ಕೊನೆಗೆ, ಪ್ರತಿ ನೋಟನ್ನೂ ಪಿವಿಸಿ ಅಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಬೇರೆಯಾಗಿ, ಮಡಿಸದೆ ಇಡಿ. ಎಲ್ಲಿ, ಯಾವಾಗ, ಯಾರಿಂದ ಸಿಕ್ಕಿತೆಂಬುದನ್ನು ನೋಟಿನ ಮೇಲಲ್ಲ, ಪಕ್ಕದ ಚೀಟಿಯಲ್ಲಿ ಬರೆದಿಡಿ.