ಬೆಟ್ಟದ ಬೊಂಗೊ: ಮೈಮೇಲಿನ ಪಟ್ಟೆ ಓದುವ ಬಗೆ

ಬೆಟ್ಟದ ಬೊಂಗೊ ಮೈಮೇಲೆ ಬಿಳಿ ಪಟ್ಟೆಗಳಿರುವ ದೊಡ್ಡ ಹುಲ್ಲೆ. ಅದು ಇಂದು ಕಾಡಿನಲ್ಲಿ ಉಳಿದಿರುವುದು ಕೀನ್ಯಾದಲ್ಲಿ ಮಾತ್ರ. ಅಬರ್ಡೇರ್, ಮೌಂಟ್ ಕೀನ್ಯಾ, ಮೌ, ಎಬುರು ಕಾಡುಗಳನ್ನೆಲ್ಲ ಕೂಡಿಸಿದರೂ ಸಂಖ್ಯೆ ನೂರು ದಾಟುವುದಿಲ್ಲ ಎಂಬುದು ಈಗಿನ ಅಂದಾಜು. ಇಂಥ ಕಡೆ ಒಂದೇ ಹುಲ್ಲೆಯನ್ನು ಎರಡೆಂದು ಬರೆದುಕೊಂಡರೆ ಇಡೀ ಲೆಕ್ಕ ಅಲ್ಲಾಡುತ್ತದೆ. ದಟ್ಟ ಬಿದಿರಿನ ನಡುವೆ ಅದು ಕಣ್ಣಿಗೆ ಬೀಳುವುದೇ ಕಡಿಮೆ. ಹಾಗಾಗಿ ಗುರುತು ಹಿಡಿಯುವ ಕೆಲಸವೆಲ್ಲ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಬಂದಾಗ ತಾನಾಗಿಯೇ ಕ್ಲಿಕ್ಕಿಸುವ ಕ್ಯಾಮೆರಾ, ತೆಗೆದ ಚಿತ್ರಗಳ ಮೇಲೆ ನಿಂತಿದೆ. ಆ ಚಿತ್ರಗಳನ್ನು ನಾನು ನೋಡುವ ಕ್ರಮ ಇದು.

ಮೊದಲು ಇದು ಬೊಂಗೊ ಹೌದೇ ಎಂದು ಖಚಿತವಾಗಬೇಕು. ಅದೇ ಕಾಡಿನಲ್ಲಿ ಬುಶ್‌ಬಕ್ ಎಂಬ ಚಿಕ್ಕ ಹುಲ್ಲೆ ಕೂಡ ಓಡಾಡುತ್ತದೆ. ಅದರ ಮೈಮೇಲೂ ಬಿಳಿ ಗುರುತುಗಳಿರುತ್ತವೆ. ಬೊಂಗೊ ಭುಜದ ಎತ್ತರ 1.1ರಿಂದ 1.3 ಮೀಟರ್, ದೊಡ್ಡ ಗಂಡು 400 ಕಿಲೋ ಮುಟ್ಟಬಹುದು. ಬುಶ್‌ಬಕ್ ಒಂದು ಮೀಟರ್ ಎತ್ತರವನ್ನೂ ತಲುಪುವುದಿಲ್ಲ. ಅಳತೆ ತಿಳಿಯದ ಚಿತ್ರದಲ್ಲಿ ಕೊಂಬು ನೋಡಿ: ಬೊಂಗೊದಲ್ಲಿ ಗಂಡು ಹೆಣ್ಣು ಎರಡಕ್ಕೂ ಕೊಂಬಿದೆ, ಹೆಣ್ಣು ಬುಶ್‌ಬಕ್‌ಗೆ ಇಲ್ಲ. ಬೊಂಗೊ ಕೊಂಬು ಒಂದು ಸುತ್ತು, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು ತಿರುಚಿಕೊಂಡು ಮೇಲೇರಿ, ತುದಿಯಲ್ಲಿ ದಂತದ ಬಣ್ಣಕ್ಕೆ ತಿರುಗುತ್ತದೆ. ಗಂಡಿನದು ದಪ್ಪ, ನಡುವೆ ಅಗಲಿಸಿಕೊಂಡಿರುತ್ತದೆ; ಹೆಣ್ಣಿನದು ತೆಳು, ಎರಡೂ ಹೆಚ್ಚುಕಡಿಮೆ ಜೊತೆಜೊತೆಯಾಗಿ ಸಾಗುತ್ತವೆ.

ಬಣ್ಣ ನೋಡಿ ಗಂಡು ಹೆಣ್ಣು ಎನ್ನುವುದು ಹಗಲಿನ ಚಿತ್ರಕ್ಕಷ್ಟೇ ಸರಿ. ಮೈ ಕೆಂಗಂದು, ವಯಸ್ಸಾದಂತೆ ಗಂಡು ಕಪ್ಪಿಗೆ ತಿರುಗುತ್ತದೆ. ರಾತ್ರಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಂಗಂದು ಬೂದಾಗಿ ತೇಲುತ್ತದೆ, ಬಣ್ಣದ ವ್ಯತ್ಯಾಸವನ್ನು ನಂಬುವಂತಿಲ್ಲ. ಪ್ರಾಣಿ ತೀರಾ ಹತ್ತಿರವಿದ್ದರೆ ಪಟ್ಟೆಗಳೂ ಬೆಳಕಿಗೆ ಬಿಳಿಚಿ ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತವೆ.

ಪಟ್ಟೆ ಎಣಿಸಿದರೆ ಸಾಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಮೈಮೇಲೆ ಸಾಮಾನ್ಯವಾಗಿ 10ರಿಂದ 15 ಪಟ್ಟೆ. ಹನ್ನೆರಡು ಪಟ್ಟೆಯವು ಹಲವು ಸಿಗುತ್ತವೆ. ಸಾಲದ್ದಕ್ಕೆ ಎಡ ಬಲ ಪಕ್ಕೆಗಳಲ್ಲಿ ಪಟ್ಟೆ ಒಂದೇ ತೆರನಾಗಿರುವುದಿಲ್ಲ, ಎಣಿಕೆಯೇ ಬೇರೆಯಾಗಬಹುದು. ಆದ್ದರಿಂದ ಭುಜದ ಹಿಂದಿನ ಪಟ್ಟೆಗೆ ಒಂದು ಎಂದು ಹೆಸರಿಟ್ಟು ತೊಡೆಯವರೆಗೆ ಅಂಕೆ ಕೊಡುತ್ತೇನೆ. ಆಮೇಲೆ ಯಾವುದು ಕವಲೊಡೆದಿದೆ, ಯಾವುದು ಹೊಟ್ಟೆ ಮುಟ್ಟದೆ ನಡುವಲ್ಲೇ ನಿಂತಿದೆ, ಯಾವೆರಡರ ನಡುವೆ ಅಂತರ ಹೆಚ್ಚು, ಎಲ್ಲಿ ಪಟ್ಟೆ ತುಂಡಾಗಿದೆ ಎಂದು ಬರೆಯುತ್ತೇನೆ. ಇಂಥ ಮೂರು ಗುರುತು ಕೂಡಿಬಂದರಷ್ಟೇ ಅದೇ ಪ್ರಾಣಿ. ಒಂದು ಗುರುತು ಸ್ಪಷ್ಟವಾಗಿ ಹೊಂದದಿದ್ದರೂ ಬೇರೆ ಪ್ರಾಣಿ. ಆದರೆ ಆ ಜಾಗಕ್ಕೆ ಕೆಸರು ಮೆತ್ತಿಲ್ಲ ಎಂದು ನೋಡಿಕೊಂಡೇ ಹಾಗೆ ಹೇಳಬೇಕು. ಕೆಸರು ಪಟ್ಟೆಯ ಕೆಳತುದಿಯನ್ನು ಮುಚ್ಚುತ್ತದೆ, ಆಗ ಉದ್ದದ ಪಟ್ಟೆಯೂ ಮೊಟಕಾಗಿ ಕಾಣುತ್ತದೆ. ಮೈ ತಿರುಗಿಸಿ ನಿಂತಿದ್ದರೆ ಹಿಂದಿನ ಪಟ್ಟೆಗಳು ಒತ್ತೊತ್ತಾಗಿ ಬಂದು ಅಂತರದ ಲೆಕ್ಕ ಕೆಡುತ್ತದೆ.

ಮುಖದಲ್ಲಿ ಕಣ್ಣುಗಳ ನಡುವಿನ ಬಿಳಿ ಗೆರೆ, ಕೆನ್ನೆಯ ಬಿಳಿ ಚುಕ್ಕೆಗಳು, ಎದೆಯ ಬಿಳಿ ಅರ್ಧಚಂದ್ರ ಪೂರಕ ಸಾಕ್ಷಿ. ಇವುಗಳಿಗಿಂತ ನನಗೆ ಕೊಂಬಿನ ಮೇಲೆ ಭರವಸೆ ಹೆಚ್ಚು. ಕಡವೆ ಕೊಂಬು ಉದುರಿಸುತ್ತದೆ, ಬೊಂಗೊ ಉದುರಿಸುವುದಿಲ್ಲ; ಒಮ್ಮೆ ಮುರಿದ ತುದಿ ವರ್ಷ ಕಳೆದರೂ ಮುರಿದೇ ಇರುತ್ತದೆ. ಹರಿದ ಕಿವಿಯೂ ಹಾಗೆಯೇ.

ಚಿತ್ರ ಕೆಟ್ಟರೆ ಎಷ್ಟು ಓದಿದರೂ ಪ್ರಯೋಜನವಿಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಎಣಿಸಿದ್ದು ಗೊತ್ತಿರುವ ವಿಷಯವೇ. ಹಾದಿಯ ಎರಡೂ ಬದಿಗೆ ಕ್ಯಾಮೆರಾ ಇಟ್ಟು ಎರಡೂ ಪಕ್ಕೆಯನ್ನು ಒಟ್ಟಿಗೆ ಹಿಡಿಯುವ ಆ ಕ್ರಮ ಬೊಂಗೊಗೂ ಅಷ್ಟೇ ಬೇಕು. ನೆಲದಿಂದ 70–80 ಸೆಂಟಿಮೀಟರ್ ಎತ್ತರದಲ್ಲಿ, ಹಾದಿಯಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ ಕಟ್ಟುತ್ತೇನೆ. ಎರಡೂ ಒಂದಕ್ಕೊಂದು ನೇರ ಎದುರಾದರೆ ಒಂದರ ಫ್ಲಾಶ್ ಇನ್ನೊಂದರ ಲೆನ್ಸಿಗೆ ಬಡಿಯುತ್ತದೆ. ತುಸು ಹಿಂದೆಮುಂದೆ ಸರಿಸಬೇಕು. ಒಂದು ಸಲಕ್ಕೆ ಮೂರು ಚಿತ್ರ ಬರುವಂತೆ ಹೊಂದಿಸಬೇಕು. ಎದುರಿಗೆ ಅಲ್ಲಾಡುವ ಎಲೆಗಳಿದ್ದರೆ ಖಾಲಿ ಚಿತ್ರಗಳಲ್ಲೇ ಕಾರ್ಡ್ ತುಂಬುತ್ತದೆ. ಆ ಎತ್ತರದ ಕಾಡಿನಲ್ಲಿ ಮಂಜು ಹೆಚ್ಚು, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡದಿದ್ದರೆ ಲೆನ್ಸ್ ಮಬ್ಬಾಗುತ್ತದೆ.

ಒಂದೇ ಪಕ್ಕೆ ಸಿಕ್ಕ ಪ್ರಾಣಿಗಳನ್ನು ಎಡದ ಪಟ್ಟಿ, ಬಲದ ಪಟ್ಟಿ ಎಂದು ಬೇರೆಬೇರೆ ಇಡಬೇಕು. ಎರಡೂ ಪಕ್ಕೆ ಗೊತ್ತಿರುವವು ಆರು, ಎಡ ಮಾತ್ರ ಸಿಕ್ಕವು ಮೂರು, ಬಲ ಮಾತ್ರ ಸಿಕ್ಕವು ಎರಡು ಎಂದುಕೊಳ್ಳಿ. ಆಗ ಹನ್ನೊಂದು ಎನ್ನುವಂತಿಲ್ಲ, ಆ ಎರಡು ಎಡಪಟ್ಟಿಯ ಮೂರರಲ್ಲೇ ಇರಬಹುದು. ಕನಿಷ್ಠ ಒಂಬತ್ತು ಎಂದಷ್ಟೇ ಬರೆಯುತ್ತೇನೆ.